ಡಬ್ಬಿ ಓದುವುದು ವಿಮರ್ಶೆಯಲ್ಲ

ದೀಪಾವಳಿ ಬೋನಸ್ ಖಾತೆಗೆ ಬಿದ್ದ ವಾರ ನನಗೆ ಬರುವ ವಾಟ್ಸಾಪ್ ಮೆಸೇಜುಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. "ಸರ್, ಪಿಎಸ್5 ತಗೊಳ್ಳೋದಾ, ಎಕ್ಸ್‌ಬಾಕ್ಸಾ? ಯಾವುದು ಜಾಸ್ತಿ ಪವರ್‌ಫುಲ್?" ಕೇಳುವವರು ಹೆಚ್ಚಾಗಿ ನಮ್ಮವರೇ. ಕುಂದಾಪುರ, ಅಂಕೋಲಾ, ವಿಜಯಪುರ, ಕಲಬುರಗಿ ಕಡೆಯಿಂದ ಮುಂಬಯಿಗೆ ಬಂದು ದುಡಿಯುವ ಹುಡುಗ ಹುಡುಗಿಯರು. ದಹಿಸರ್, ಮೀರಾ ರೋಡ್ ಕಡೆ ಬಾಡಿಗೆ ಮನೆ ಹಿಡಿದು, ಊರಿಗೆ ಕಳಿಸುವಷ್ಟು ಕಳಿಸಿ, ಉಳಿದದ್ದರಲ್ಲಿ ಮೊದಲ ಸಲ ತಮಗಾಗಿ ಅಂತ ಅರ್ಧ ಲಕ್ಷ ಖರ್ಚು ಮಾಡಲು ಹೊರಟವರು. ನನ್ನನ್ನು ಕೇಳುವ ಮೊದಲೇ ಅವರು ಹತ್ತು ವಿಡಿಯೊ ನೋಡಿರುತ್ತಾರೆ. ಅದರಲ್ಲಿ ನಾಲ್ಕೈದು ಕನ್ನಡದವು.

ಆ ಕನ್ನಡ ವಿಡಿಯೊಗಳನ್ನು ನಾನೂ ಕೂತು ನೋಡಿದ್ದೇನೆ. ಡಬ್ಬಿ ಒಡೆಯುತ್ತಾರೆ, ಪ್ಲಾಸ್ಟಿಕ್ ಸುಲಿಯುತ್ತಾರೆ, "ಫ್ರೆಂಡ್ಸ್, ಇದರಲ್ಲಿ ಹನ್ನೆರಡು ಟೆರಾಫ್ಲಾಪ್ ಇದೆ, ಅದರಲ್ಲಿ ಬರೀ ಹತ್ತು" ಎನ್ನುತ್ತಾರೆ, "4ಕೆ, 120 ಎಫ್‌ಪಿಎಸ್" ಎಂದು ಡಬ್ಬಿಯ ಮೇಲಿದ್ದದ್ದನ್ನು ಓದುತ್ತಾರೆ, ಗೆದ್ದವರನ್ನು ಘೋಷಿಸುತ್ತಾರೆ. ಇದನ್ನು ಹೋಲಿಕೆ ಎನ್ನುತ್ತಾರೆ. ಹೆಣ್ಣಿನ ಕಡೆಯವರು ವರನ ಬಯೋಡಾಟಾ ಮಾತ್ರ ಓದಿ ಮದುವೆ ನಿಶ್ಚಯಿಸಿದ ಹಾಗಾಯಿತು ಇದು.

ನನ್ನ ತಕರಾರು ಇಷ್ಟು. 'ಯಾವುದು ಪವರ್‌ಫುಲ್' ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಆಟ, ಆಟದ ಯಾವ ಹೊತ್ತು, ಯಾರ ಮನೆಯ ಟಿವಿ ಎಂಬುದನ್ನು ಬಿಟ್ಟು ಹೇಳಿದ ಹೋಲಿಕೆ ಜಾಹೀರಾತಿನ ಮುಂದುವರಿದ ಭಾಗ ಅಷ್ಟೇ. ಕನ್ಸೋಲುಗಳನ್ನು ಹೋಲಿಸಲೇಬೇಕು. ಆದರೆ ಅಳೆದು ಹೋಲಿಸಬೇಕು, ಕೊಳ್ಳುವವನ ಮನೆಯೊಳಗೆ ನಿಂತು ಹೋಲಿಸಬೇಕು.

ಹಳೆಯ ರೋಗ

ಡಬ್ಬಿಯ ಮೇಲಿನ ಅಂಕಿ ನಂಬಿ ಮೋಸಹೋಗುವುದು ನಮಗೆ ಹೊಸದಲ್ಲ. ನನ್ನ ವಾರಗೆಯವರಿಗೆ ತೊಂಬತ್ತರ ದಶಕದ 'ಟಿವಿ ಗೇಮ್' ನೆನಪಿರುತ್ತದೆ. ಜಪಾನಿನ ನಿಂಟೆಂಡೊ ಫ್ಯಾಮಿಕಾಮ್ ಯಂತ್ರದ ನಕಲುಗಳು ಅವು. ಅವುಗಳ ಕ್ಯಾಸೆಟ್ ಮೇಲೆ '64 ಇನ್ 1', '9999 ಇನ್ 1' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಿದ್ದರು. ಹಾಕಿ ನೋಡಿದರೆ ಕಾಂಟ್ರಾ, ಮಾರಿಯೋ, ಬಾತುಕೋಳಿ ಹೊಡೆಯುವ ಆಟ, ಸರ್ಕಸ್ ಆಟ. ಮುಂದಿನ ಪುಟದಲ್ಲಿ ಅದೇ ಕಾಂಟ್ರಾ, ಎರಡನೇ ಹಂತದಿಂದ ಶುರು. ಅದರ ಮುಂದಿನ ಪುಟದಲ್ಲಿ ಅದೇ ಮಾರಿಯೋ, ಬೇರೆ ಹೆಸರಿನಲ್ಲಿ. ಅಂಕಿ ಪೂರ್ತಿ ಸುಳ್ಳು ಅನ್ನುವ ಹಾಗಿಲ್ಲ, ಪಟ್ಟಿಯಲ್ಲಿ ಅಷ್ಟು ಸಾಲು ಇರುತ್ತಿತ್ತು. ಆಟ ಮಾತ್ರ ಹತ್ತೋ ಹನ್ನೆರಡೋ.

ಇನ್ನೊಂದು ವಿಷಯ ಆಗ ನಮಗೆ ಗೊತ್ತೇ ಇರಲಿಲ್ಲ. ಆ ಆಟಗಳನ್ನು ಬರೆದದ್ದು ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಜಪಾನ್, ಅಮೆರಿಕದ ಟಿವಿಗಳಿಗೆ. ನಮ್ಮದು ಪಾಲ್ ಪದ್ಧತಿ, ಸೆಕೆಂಡಿಗೆ 50. ಆ ಕಾಲದ ಬಹಳಷ್ಟು ಆಟಗಳಲ್ಲಿ ಓಟವನ್ನು ಫ್ರೇಮಿಗೆ ಕಟ್ಟಿಹಾಕಿರುತ್ತಿದ್ದರು. ಒಂದು ಫ್ರೇಮ್, ಒಂದು ಹೆಜ್ಜೆ. ಹಾಗಾಗಿ ಪಾಲ್ ಟಿವಿಗೆ ಮಾಡಿದ ಯಂತ್ರದಲ್ಲಿ ಹಾಕಿದರೆ ಅದೇ ಆಟ ಆರನೇ ಒಂದು ಭಾಗ ನಿಧಾನವಾಗುತ್ತಿತ್ತು. ಆಟ ಅದೇ, ಚಿಪ್ಪಿನ ಜಾತಿ ಅದೇ. ಟಿವಿ ಬದಲಾದ ಕೂಡಲೇ ಆಟದ ವೇಗವೇ ಬೇರೆ. ಯಂತ್ರದ ಸಾಮರ್ಥ್ಯ ಯಂತ್ರದೊಳಗೆ ಮಾತ್ರ ಇರುವುದಿಲ್ಲ ಎಂಬ ಪಾಠ ನಮ್ಮ ಹಜಾರದಲ್ಲೇ ಇತ್ತು, ಓದುವವರು ಇರಲಿಲ್ಲ.

ದೊಡ್ಡ ಕಂಪನಿಗಳೂ ಇದೇ ಕ್ಯಾಸೆಟ್ ವ್ಯಾಪಾರ ಮಾಡಿದವು, ಭಾಷೆ ಮಾತ್ರ ನಯ. ಸೆಗಾ ಕಂಪನಿ ಅಮೆರಿಕದಲ್ಲಿ 'ಬ್ಲಾಸ್ಟ್ ಪ್ರೊಸೆಸಿಂಗ್' ಎಂದು ಕೂಗಿ ಹೇಳಿತು. ಅದರ ಮೆಗಾ ಡ್ರೈವ್ ಯಂತ್ರದ ಪ್ರೊಸೆಸರ್ 7.6 ಮೆಗಾಹರ್ಟ್ಜ್, ಎದುರಾಳಿ ಸೂಪರ್ ನಿಂಟೆಂಡೊದ್ದು 3.58. ಜಾಹೀರಾತಿನ ಪ್ರಕಾರ ಲೆಕ್ಕ ಮುಗಿಯಿತು. ಆದರೆ ಸೂಪರ್ ನಿಂಟೆಂಡೊ ಪರದೆಯ ಮೇಲೆ ಒಮ್ಮೆಗೆ 256 ಬಣ್ಣ ತೋರಿಸಿದರೆ ಮೆಗಾ ಡ್ರೈವ್ ತೋರಿಸುತ್ತಿದ್ದದ್ದು 64. ಇದನ್ನು ಸೆಗಾ ಕೂಗಲಿಲ್ಲ. 1993ರಲ್ಲಿ ಅಟಾರಿ ತನ್ನ ಜಾಗ್ವಾರ್ ಯಂತ್ರವನ್ನು '64 ಬಿಟ್' ಎಂದು ಮಾರಲು ಹೊರಟಿತು, 16ಕ್ಕಿಂತ 64 ದೊಡ್ಡದು ತಾನೇ ಎಂಬ ಧಾಟಿಯಲ್ಲಿ. ಆ ಯಂತ್ರ ಮಣ್ಣು ಮುಕ್ಕಿತು. ಅಂದಹಾಗೆ ಸೆಗಾ ಭಾರತಕ್ಕೂ ಬಂದಿತ್ತು. 1995ರಲ್ಲಿ ಶಾ ವಾಲೇಸ್ ಕಂಪನಿಯ ಮೂಲಕ, 18,000 ರೂಪಾಯಿಗೆ. ಆ ಕಾಲದ 18,000 ಎಂದರೆ ಎಷ್ಟು ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ. ಅಷ್ಟು ಕೊಡುವ ಮನೆಗಳು ಎಲ್ಲಿದ್ದವು? ನಮ್ಮ ಕೈಗೆ ಸಿಕ್ಕಿದ್ದು ನಕಲಿ ಯಂತ್ರವೇ.

ಅಳೆದದ್ದಲ್ಲ, ಗುಣಿಸಿದ್ದು

ಈಗಿನ '64 ಬಿಟ್' ಎಂದರೆ ಟೆರಾಫ್ಲಾಪ್. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೆ 12.15, ಪಿಎಸ್5ಗೆ 10.28. ಈ ಅಂಕಿಗಳು ಎಲ್ಲಿಂದ ಬಂದವು ಎಂದು ಕೇಳಿದರೆ ಡಬ್ಬಿ ಓದುವವರು ಬಾಯಿ ಬಿಡುವುದಿಲ್ಲ. ನಾನೇ ಹೇಳುತ್ತೇನೆ, ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಸೀರೀಸ್ ಎಕ್ಸ್‌ನ ಗ್ರಾಫಿಕ್ಸ್ ಚಿಪ್ಪಿನಲ್ಲಿ 52 ಘಟಕಗಳು. ಒಂದೊಂದರಲ್ಲಿ 64 ಲೆಕ್ಕಿಗರು. ಪ್ರತಿ ಬಡಿತಕ್ಕೆ ಒಬ್ಬೊಬ್ಬನಿಂದ 2 ಲೆಕ್ಕ. ಸೆಕೆಂಡಿಗೆ 1.825 ಗಿಗಾಹರ್ಟ್ಜ್ ಬಡಿತ. ಎಲ್ಲ ಗುಣಿಸಿ: 12.15. ಪಿಎಸ್5ರಲ್ಲಿ 36 ಘಟಕ, ಗರಿಷ್ಠ 2.23 ಗಿಗಾಹರ್ಟ್ಜ್. ಗುಣಿಸಿ: 10.28.

ನೋಡಿದಿರಾ? ಇದನ್ನು ಯಾರೂ ಆಟ ಆಡಿಸಿ ಅಳೆದದ್ದಲ್ಲ, ಕಾಗದದ ಮೇಲೆ ಗುಣಿಸಿದ್ದು. ಎಲ್ಲ ಲೆಕ್ಕಿಗರೂ ಒಂದು ಕ್ಷಣವೂ ಸುಮ್ಮನೆ ಕೂರದೆ, ಮೆಮೊರಿಯಿಂದ ಬರಬೇಕಾದ ಮಾಹಿತಿಗೆ ಕಾಯದೆ ದುಡಿದರೆ ಬರುವ ಸಂಖ್ಯೆ. ಇಪ್ಪತ್ತು ವರ್ಷ ಪ್ರಾಜೆಕ್ಟ್ ನಡೆಸಿದವನಾಗಿ ಹೇಳುತ್ತೇನೆ, ಇಂಥ ಗುಣಾಕಾರ ನನಗೆ ಬಹಳ ಪರಿಚಿತ. 52 ಜನ, ದಿನಕ್ಕೆ 8 ಗಂಟೆ, ತಿಂಗಳಿಗೆ 22 ದಿನ. ಎಕ್ಸೆಲ್ ಶೀಟಿನಲ್ಲಿ ಪ್ರಾಜೆಕ್ಟ್ ಯಾವತ್ತೂ ಹೊತ್ತಿಗೆ ಮುಗಿಯುತ್ತದೆ. ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಎಂಬುದಕ್ಕೆ ಆ ಶೀಟಿನಲ್ಲಿ ಕಾಲಂ ಇರುವುದಿಲ್ಲ. 36 ಜನರ ಚುರುಕು ತಂಡ 52 ಜನರ ತಂಡಕ್ಕಿಂತ ಮೊದಲು ಕೆಲಸ ಮುಗಿಸಿದ್ದನ್ನು ನೋಡದ ಮ್ಯಾನೇಜರ್ ಇದ್ದರೆ ಅವನು ಇನ್ನೂ ಹೊಸಬ.

2020ರ ನವೆಂಬರ್‌ನಲ್ಲಿ ಆದದ್ದೂ ಅದೇ. ಎರಡೂ ಯಂತ್ರ ಮಾರುಕಟ್ಟೆಗೆ ಬಂದವು, ಜೊತೆಗೆ ಅಸ್ಯಾಸಿನ್ಸ್ ಕ್ರೀಡ್ ವಲ್ಹಾಲಾ ಬಂತು. ಕಾಗದದ ಮೇಲೆ ಶೇ. 18ರಷ್ಟು ಮುಂದಿದ್ದ ಸೀರೀಸ್ ಎಕ್ಸ್‌ನಲ್ಲಿ ಫ್ರೇಮುಗಳು ಕೆಲವೆಡೆ 60ರಿಂದ ಕೆಳಗೆ ಬಿದ್ದವು, ಚಿತ್ರ ಅಡ್ಡಡ್ಡ ಹರಿದಂತೆ ಕಂಡಿತು. ಪಿಎಸ್5ರಲ್ಲಿ ಆಟ ಹೆಚ್ಚು ಸ್ಥಿರವಾಗಿತ್ತು. ಇದನ್ನು ಹೊರಗೆಡವಿದ್ದು ಬ್ರಿಟನ್ನಿನ ಡಿಜಿಟಲ್ ಫೌಂಡ್ರಿ. ರಿಚರ್ಡ್ ಲೆಡ್‌ಬೆಟರ್ ಕಟ್ಟಿದ ಈ ತಂಡದ ಕ್ರಮ ಸರಳ: ಯಂತ್ರದಿಂದ ಟಿವಿಗೆ ಹೋಗುವ ಚಿತ್ರವನ್ನು ಹಾಗೆಯೇ ರೆಕಾರ್ಡ್ ಮಾಡಿ, ಒಂದೊಂದು ಫ್ರೇಮನ್ನೂ ಹಿಂದಿನದರ ಪಕ್ಕ ಇಟ್ಟು ನೋಡುವುದು. ಎರಡೂ ಒಂದೇ ಆಗಿದ್ದರೆ ಯಂತ್ರ ಆ ಹೊತ್ತಿಗೆ ಹೊಸ ಚಿತ್ರ ಕೊಡಲು ತಪ್ಪಿದೆ ಎಂದು ಅರ್ಥ. ಕಂಪನಿ ಹೇಳಿದ್ದನ್ನು ನಂಬದೆ ಪರದೆಯ ಮೇಲೆ ಬಂದದ್ದನ್ನು ಎಣಿಸುತ್ತಾರೆ. ಇದಕ್ಕೆ ನಾನು ಹೋಲಿಕೆ ಎನ್ನುತ್ತೇನೆ.

ಇವರದ್ದೇ ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. 2021ರಲ್ಲಿ 'ಕಂಟ್ರೋಲ್' ಎಂಬ ಆಟದ ಹೊಸ ಆವೃತ್ತಿ ಬಂತು. ಅದರಲ್ಲಿ ಆಟ ನಿಲ್ಲಿಸಿ ಫೋಟೊ ತೆಗೆಯುವ ಸೌಲಭ್ಯವಿದೆ. ಆ ಸ್ಥಿತಿಯಲ್ಲಿ ಫ್ರೇಮುಗಳಿಗೆ ಕಟ್ಟಿದ ಮಿತಿ ಬಿಚ್ಚಿರುತ್ತದೆ. ಅಲ್ಲಿ ಅಳೆದಾಗ ಸೀರೀಸ್ ಎಕ್ಸ್ ಸರಾಸರಿ ಶೇ. 16ರಷ್ಟು ಮುಂದೆ. ಡಬ್ಬಿಯ ಅಂಕಿ ಸರಿ ಎನ್ನುವಷ್ಟು ಹತ್ತಿರ. ಆದರೆ ನಿಜವಾಗಿ ಆಡಲು ಶುರು ಮಾಡಿದರೆ ಅದೇ ಸೀರೀಸ್ ಎಕ್ಸ್‌ನಲ್ಲಿ ಆಗಾಗ ಚಿಕ್ಕ ಚಿಕ್ಕ ಎಡವು. ಡಬ್ಬಿಯ ಅಂಕಿ ನಿಜವಾಗುವುದು ಯಾರೂ ಆಡದ ಜಾಗದಲ್ಲಿ, ಎಲ್ಲವೂ ಕಲ್ಲಾಗಿ ನಿಂತಾಗ!

2022ರ ಎಲ್ಡನ್ ರಿಂಗ್ ಇನ್ನೂ ಮಜಾ. ಪಿಎಸ್5ಗೆಂದೇ ಮಾಡಿದ ಆವೃತ್ತಿಗಿಂತ, ಹಳೆಯ ಪಿಎಸ್4 ಆವೃತ್ತಿಯನ್ನೇ ಪಿಎಸ್5ರಲ್ಲಿ ಹಾಕಿ ಆಡಿದರೆ ಫ್ರೇಮುಗಳು ಹೆಚ್ಚು ಸ್ಥಿರ. ಚಿತ್ರ ಸ್ವಲ್ಪ ಮಂಕು, ಹುಲ್ಲು ಸ್ವಲ್ಪ ಕಡಿಮೆ, ಕತ್ತಿ ಮಾತ್ರ ಹೊತ್ತಿಗೆ ಸರಿಯಾಗಿ ಬೀಸುತ್ತದೆ. ಹಾಗಾದರೆ ಇದರಲ್ಲಿ 'ಪವರ್‌ಫುಲ್' ಯಾವುದು? ಹೊಸದೋ, ಹೊಸದರೊಳಗೆ ಕೂತ ಹಳೆಯದೋ? ಡಬ್ಬಿಯಲ್ಲಿ ಇದಕ್ಕೆ ಉತ್ತರವಿಲ್ಲ.

ಸರಾಸರಿ ಎಂಬ ಕಲ್ಲಂಗಡಿ

"ಆಯಿತು ಸರ್, ಟೆರಾಫ್ಲಾಪ್ ಬಿಡಿ. ಎಫ್‌ಪಿಎಸ್ ಅಳೆದದ್ದು ತಾನೇ, ಅದನ್ನು ನಂಬಬಹುದಲ್ಲ?" ಎಂದು ಕೇಳುವ ಜಾಣರಿದ್ದಾರೆ. ಅಳೆದದ್ದು ನಿಜ. ಆದರೆ ನಿಮಗೆ ತಲುಪುವುದು ಸಾಮಾನ್ಯವಾಗಿ ಸರಾಸರಿ.

ಒಂದು ಲೆಕ್ಕ ಮಾಡೋಣ. 60 ಫ್ರೇಮಿನ ಆಟ, ಒಂದು ನಿಮಿಷಕ್ಕೆ 3,600 ಫ್ರೇಮ್. ಒಂದೊಂದಕ್ಕೆ 16.7 ಮಿಲಿಸೆಕೆಂಡ್ ಸಮಯ. ಮೊದಲ ಯಂತ್ರ ಆ ನಿಮಿಷದಲ್ಲಿ ಹತ್ತು ಸಲ ಗಕ್ಕನೆ ನಿಲ್ಲುತ್ತದೆ, ಪ್ರತಿ ಸಲ 10 ಫ್ರೇಮ್ ಕಳೆದುಕೊಳ್ಳುತ್ತದೆ. ಒಟ್ಟು ನಷ್ಟ 100, ಸರಾಸರಿ 58.3. ಎರಡನೇ ಯಂತ್ರ 300 ಫ್ರೇಮ್ ಕಳೆದುಕೊಳ್ಳುತ್ತದೆ, ಆದರೆ ಒಂದೊಂದಾಗಿ, ನಿಮಿಷದುದ್ದಕ್ಕೂ ಹರಡಿ. ಸರಾಸರಿ 55. ಪಟ್ಟಿಯಲ್ಲಿ ಗೆದ್ದದ್ದು ಮೊದಲನೆಯದು. ಆಡುವವನ ಕೈಗೆ? ಮೊದಲನೆಯದು ನಿಂತ ಪ್ರತಿ ಸಲವೂ ಸೆಕೆಂಡಿನ ಆರನೇ ಒಂದು ಭಾಗ ಅವನು ಕುರುಡ. ಅದು ನಿಲ್ಲುವುದು ಖಾಲಿ ಬಯಲಿನಲ್ಲಿ ಅಡ್ಡಾಡುವಾಗಲ್ಲ. ಹತ್ತು ವೈರಿಗಳು, ಬೆಂಕಿ, ಹೊಗೆ ಒಟ್ಟಿಗೆ ಪರದೆಗೆ ಬಂದಾಗ. ಗುಂಡಿ ಒತ್ತಲೇಬೇಕಾದ ಆ ಒಂದು ಕ್ಷಣದಲ್ಲಿ.

ಸಾಫ್ಟ್‌ವೇರ್‌ನಲ್ಲಿ ದುಡಿಯುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಸಿಸ್ಟಮ್ಮಿನ ಸರಾಸರಿ ಪ್ರತಿಕ್ರಿಯೆ ಒಂದು ಸೆಕೆಂಡ್ ಎಂದು ಹೇಳಿದರೆ ತಿಳಿದ ಕ್ಲೈಂಟ್ ಒಪ್ಪುವುದಿಲ್ಲ. "ನೂರರಲ್ಲಿ ತೊಂಬತ್ತೊಂಬತ್ತು ಸಲ ಎಷ್ಟರೊಳಗೆ ಬರುತ್ತದೆ? ಆ ಕೊನೆಯ ಒಂದು ಸಲ ಎಷ್ಟು ಹೊತ್ತು ಕಾಯಬೇಕು?" ಎಂದು ಕೇಳುತ್ತಾನೆ, ಅದನ್ನೇ ಕರಾರಿನಲ್ಲಿ ಬರೆಸಿಕೊಳ್ಳುತ್ತಾನೆ. ಹೊರಗೆ ಹಸಿರು, ಕೊಯ್ದರೆ ಕೆಂಪು ಇರುವ ಸ್ಟೇಟಸ್ ರಿಪೋರ್ಟಿಗೆ ನಮ್ಮಲ್ಲಿ ಕಲ್ಲಂಗಡಿ ಎಂದೇ ಹೆಸರು. ಹಗಲು ಆಫೀಸಿನಲ್ಲಿ ಸರಾಸರಿಯನ್ನು ನಂಬದ ಇದೇ ಜನ ರಾತ್ರಿ ಮನೆಗೆ ಬಂದು "ಇದಕ್ಕೆ 58, ಅದಕ್ಕೆ 55, ಇದೇ ಮೇಲು" ಎಂದು ಬಡಿದಾಡುವುದು ನನಗೆ ಅರ್ಥವಾಗುವುದಿಲ್ಲ.

ಲೋಕಲ್ ಟ್ರೇನಿನ ವಿಷಯದಲ್ಲಿ ನಾವು ಎಷ್ಟು ಜಾಣರು! ದಹಿಸರಿನಲ್ಲಿರುವ ಯಾರೂ "ಯಾವ ರೇಕ್ ಜಾಸ್ತಿ ಪವರ್‌ಫುಲ್" ಎಂದು ಕೇಳುವುದಿಲ್ಲ. ವಿರಾರ್ ಫಾಸ್ಟ್ ಎಷ್ಟೇ ವೇಗವಾಗಿರಲಿ, ದಹಿಸರಿನಲ್ಲಿ ನಿಲ್ಲದಿದ್ದರೆ ಅದು ನಮ್ಮ ಟ್ರೇನ್ ಅಲ್ಲ. ನಿಂತರೂ ಬೆಳಗಿನ ಎಂಟೂವರೆಗೆ ಕಾಲಿಡಲು ಜಾಗ ಸಿಗದಿದ್ದರೆ ಅದರ ವೇಗ ಕಟ್ಟಿಕೊಂಡು ನಮಗೇನು? ನಮ್ಮ ಸ್ಟೇಷನ್, ನಮ್ಮ ಹೊತ್ತು, ಅತಿ ಹೆಚ್ಚು ನೂಕುನುಗ್ಗಲಿನ ಘಳಿಗೆ. ಲೋಕಲನ್ನು ನಾವು ಅಳೆಯುವುದು ಹಾಗೆ. ಕನ್ಸೋಲನ್ನೂ ಹಾಗೇ ಅಳೆಯಿರಿ ಎಂದಷ್ಟೇ ನಾನು ಹೇಳುತ್ತಿರುವುದು.

ಯಾರ ಮನೆಯ ಟಿವಿ?

ಈಗ ನಮ್ಮ ಮನೆಗೆ ಬನ್ನಿ. ವಿದೇಶಿ ವಿಮರ್ಶಕರ ಮುಂದೆ ಇರುವುದು ಸೆಕೆಂಡಿಗೆ 120 ಬಾರಿ ಚಿತ್ರ ಬದಲಿಸುವ, 4ಕೆಯ ದುಬಾರಿ ಟಿವಿ. ಅವರ ಕೆಲಸಕ್ಕೆ ಅದು ಬೇಕು, ತಪ್ಪಲ್ಲ. ನಮ್ಮ ಒನ್ ಬಿಎಚ್‌ಕೆಯ ಹಾಲಿನಲ್ಲಿ ಗೋಡೆಗೆ ನೇತು ಹಾಕಿದ್ದು, ಸಂಜೆ ಸೀರಿಯಲ್ಲಿಗೂ ಭಾನುವಾರ ಕ್ರಿಕೆಟ್ಟಿಗೂ ಬೇಕಾದದ್ದು, ಸಾಮಾನ್ಯವಾಗಿ 60 ಹರ್ಟ್ಜ್‌ನದು. ಡಬ್ಬಿಯ '120 ಎಫ್‌ಪಿಎಸ್' ಈ ಟಿವಿಯ ಮುಂದೆ ಸತ್ತುಹೋಗುತ್ತದೆ.

'ರ‍್ಯಾಚೆಟ್ ಆಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್' ಆಟದಲ್ಲಿ 40 ಫ್ರೇಮಿನ ಒಂದು ಆಯ್ಕೆ ಕೊಟ್ಟರು. ವಿಮರ್ಶಕರು ಹೊಗಳಿದರು, ಹೊಗಳುವಂಥದ್ದೇ. 30ರಲ್ಲಿ ಒಂದು ಫ್ರೇಮಿಗೆ 33.3 ಮಿಲಿಸೆಕೆಂಡ್, 60ರಲ್ಲಿ 16.7. ಅವೆರಡರ ನಟ್ಟನಡುವೆ ಇರುವುದು 25, ಅಂದರೆ 40 ಫ್ರೇಮ್. ಆದರೆ 40 ಎನ್ನುವುದು 120ರಲ್ಲಿ ಸಮನಾಗಿ ಕೂರುತ್ತದೆ, 60ರಲ್ಲಿ ಕೂರುವುದಿಲ್ಲ. 60 ಹರ್ಟ್ಜ್ ಟಿವಿ ಇದ್ದವನಿಗೆ ಆ ಹೊಗಳಿಕೆಯಿಂದ ಮೂರು ಕಾಸಿನ ಉಪಯೋಗವಿಲ್ಲ. ಹಾಗೆಯೇ "ಫ್ರೇಮ್ ಸ್ವಲ್ಪ ಬಿದ್ದರೂ ವಿಆರ್‌ಆರ್ ಇದ್ದರೆ ಗೊತ್ತಾಗುವುದಿಲ್ಲ" ಎನ್ನುವ ಮಾತು. ಯಂತ್ರ ಚಿತ್ರ ಕೊಡುವ ಹೊತ್ತಿಗೆ ತಾನೂ ಹೊಂದಿಕೊಳ್ಳುವ ಟಿವಿ ಇದ್ದವನಿಗೆ ಗೊತ್ತಾಗುವುದಿಲ್ಲ, ನಮಗೆ ಗೊತ್ತಾಗುತ್ತದೆ. ಈ ಸಾಲುಗಳನ್ನು ಕನ್ನಡಕ್ಕೆ ಹಾಗೇ ಇಳಿಸಿ ಹೇಳುವವರು, ಇನ್ನೊಬ್ಬರ ಕನ್ನಡಕವನ್ನು ನಮ್ಮ ಮೂಗಿಗೆ ಏರಿಸುತ್ತಿದ್ದಾರೆ.

ಇಲ್ಲಿ ಸಿಗದ ಯಂತ್ರಗಳ ಹೋಲಿಕೆಗೂ ಕೊರತೆಯಿಲ್ಲ. ಪಿಎಸ್5 ಪ್ರೊ 2024ರ ನವೆಂಬರ್‌ನಲ್ಲಿ ಬಿಡುಗಡೆಯಾದಾಗ ಭಾರತಕ್ಕೆ ಬರಲೇ ಇಲ್ಲ. ಅದರ ವೈಫೈ ಬಳಸುವ 6 ಗಿಗಾಹರ್ಟ್ಜ್ ತರಂಗಕ್ಕೆ ಇಲ್ಲಿ ಅನುಮತಿ ಇರಲಿಲ್ಲ. ನಿಂಟೆಂಡೊ ತನ್ನ ಸ್ವಿಚ್ ಯಂತ್ರವನ್ನು ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಲಿಲ್ಲ. ಹಾಜಿ ಅಲಿಯ ಹೀರಾ ಪನ್ನಾದಂಥ ಕಡೆ ಹೊರದೇಶದ್ದು ಸಿಗುತ್ತದೆ, ಆದರೆ ಕೆಟ್ಟರೆ ಯಾರ ಬಾಗಿಲು ಬಡಿಯಬೇಕು? ಆ ಬಾಗಿಲು ಇದೆಯೇ ಇಲ್ಲವೇ ಎಂಬುದೂ ಯಂತ್ರದ ಪರ್ಫಾರ್ಮೆನ್ಸ್‌ನ ಭಾಗವೇ.

ಇನ್ನು ಜಾಗ ಮತ್ತು ದುಡ್ಡಿನ ಮಾತು. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇಲ್ಲಿ 2020ರ ನವೆಂಬರ್‌ನಲ್ಲಿ 34,990ಕ್ಕೆ ಬಂತು, ಸೀರೀಸ್ ಎಕ್ಸ್ 49,990ಕ್ಕೆ. ಪಿಎಸ್5 2021ರ ಫೆಬ್ರವರಿ 2ಕ್ಕೆ ಬಂತು; ಡಿಸ್ಕ್ ಹಾಕುವಂಥದ್ದು 49,990, ಡಿಸ್ಕ್ ಇಲ್ಲದ್ದು 39,990. 2022ರ ನವೆಂಬರ್‌ನಲ್ಲಿ ಎರಡಕ್ಕೂ ಐದೈದು ಸಾವಿರ ಏರಿತು. ಸೀರೀಸ್ ಎಸ್ ಅಗ್ಗ ಎಂದು ಕಾಣುತ್ತದೆ. ಆದರೆ ಅದರಲ್ಲಿ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಡಬ್ಬಿಯ ಮೇಲೆ 512 ಜಿಬಿ, ಆಟಕ್ಕೆ ಉಳಿಯುವುದು ಸುಮಾರು 364. ಕಾಲ್ ಆಫ್ ಡ್ಯೂಟಿಯಂಥ ಒಂದೊಂದು ಆಟವೇ ನೂರು ಜಿಬಿ ದಾಟುತ್ತದೆ. ಮೂರು ಹಾಕಿದರೆ ಮನೆ ತುಂಬಿತು. ನಾಲ್ಕನೆಯದು ಬರಬೇಕಾದರೆ ಒಂದು ಹೊರಗೆ ಹೋಗಬೇಕು, ಮತ್ತೆ ಬೇಕೆಂದರೆ ಇಡೀ ರಾತ್ರಿ ಡೌನ್‌ಲೋಡ್. ಪಿಎಸ್5ರ 825ರಲ್ಲೂ ಉಳಿಯುವುದು 667 ಜಿಬಿ.

ಡಿಸ್ಕಿನ ಬೆಲೆ ನಮ್ಮಂಥವರಿಗೇ ಗೊತ್ತು. ಸೋನಿಯ ದೊಡ್ಡ ಆಟಗಳು ಇಲ್ಲಿ 4,999ರವರೆಗೆ ಬಂದಿವೆ. ಡಿಸ್ಕ್ ಕೊಂಡು, ಆಡಿ ಮುಗಿಸಿ, ಸೆಕೆಂಡ್‌ಹ್ಯಾಂಡಿಗೆ ಮಾರಿ, ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಮುಂದಿನದನ್ನು ತರುವುದು ಬಾಡಿಗೆ ಮನೆಯ ಅರ್ಥಶಾಸ್ತ್ರ. ಡಿಸ್ಕ್ ಇಲ್ಲದ ಯಂತ್ರದಲ್ಲಿ ಆ ದಾರಿ ಮುಚ್ಚಿತು. ಅಂಥವನು ತಿಂಗಳ ಚಂದಾ ಕಟ್ಟಿ ಆಡುವ ದಾರಿಯ ಲೆಕ್ಕ ಹಾಕಬೇಕು. ಮೂರು ವರ್ಷಕ್ಕೆ ಹತ್ತು ಆಟ ಆಡುವವನಿಗೆ ಯಾವುದು ಅಗ್ಗ? ಮಾಸಿಕ ಬಜೆಟ್ ಬರೆದಿಡುವ ಯಾವ ಗೃಹಿಣಿಯೂ ಹತ್ತು ನಿಮಿಷದಲ್ಲಿ ಹಾಕುವ ಲೆಕ್ಕ ಇದು. ನಾನು ನೋಡಿದ ಒಂದು ಕನ್ನಡ ವಿಡಿಯೊದಲ್ಲೂ ಇದಿಲ್ಲ.

ಸೆಕೆಯ ಮಾತು ಒಂದು ಸಾಲಿನಲ್ಲಿ ಮುಗಿಸುತ್ತೇನೆ. ಪಿಎಸ್5 ಕೆಲಸ ಮಾಡಬೇಕಾದ ಉಷ್ಣಾಂಶ 5ರಿಂದ 35 ಡಿಗ್ರಿ ಎಂದು ಅದರ ಕೈಪಿಡಿಯೇ ಹೇಳುತ್ತದೆ. ಮೇ ತಿಂಗಳಲ್ಲಿ, ಎಸಿ ಇಲ್ಲದ ಹಾಲಿನಲ್ಲಿ, ಗಾಜಿನ ಬಾಗಿಲಿನ ಟಿವಿ ಕಪಾಟಿನೊಳಗೆ ಎಷ್ಟು ಡಿಗ್ರಿ ಇರುತ್ತದೆ ಎಂದು ಯಾರಾದರೂ ಥರ್ಮಾಮೀಟರ್ ಇಟ್ಟು ನೋಡಿ ಹೇಳಲಿ, ಅದು ಹತ್ತು ಟೆರಾಫ್ಲಾಪ್ ಮಾತಿಗಿಂತ ಉಪಕಾರ.

ಒಂದು ವಿಷಯದಲ್ಲಿ ಮಾತ್ರ ಎರಡೂ ಯಂತ್ರ ಸರಿಸಮ. ಮೆನುವಿನ ಭಾಷೆಗಳ ಪಟ್ಟಿ ತೆಗೆದು ಕೆಳಗಿನವರೆಗೆ ಇಳಿಯಿರಿ. ಕನ್ನಡ ಇಲ್ಲ. ಆ ಹೋಲಿಕೆ ಡ್ರಾ.

ಮೂರು ಆಕ್ಷೇಪ

"ಎರಡೂ ಹತ್ತಿರಹತ್ತಿರ ಒಂದೇ, ಹೋಲಿಕೆ ಯಾಕೆ? ಜಗಳ ಯಾಕೆ?" ಎನ್ನುವ ಸಾತ್ವಿಕರಿದ್ದಾರೆ. ಜಗಳ ಬೇಡವೆಂದು ಹೋಲಿಕೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2014 ಸಾಕ್ಷಿ. ಅದರ ಹಿಂದಿನ ವರ್ಷ ಕಾಲ್ ಆಫ್ ಡ್ಯೂಟಿ: ಘೋಸ್ಟ್ಸ್ ಪಿಎಸ್4ರಲ್ಲಿ 1080ಪಿ, ಎಕ್ಸ್‌ಬಾಕ್ಸ್ ಒನ್‌ನಲ್ಲಿ 720ಪಿ ಎಂದು ದೊಡ್ಡ ರಾದ್ಧಾಂತವಾಗಿತ್ತು. ಹಾಗಾಗಿ ಯೂಬಿಸಾಫ್ಟ್ ತನ್ನ ಅಸ್ಯಾಸಿನ್ಸ್ ಕ್ರೀಡ್ ಯೂನಿಟಿಯನ್ನು ಎರಡರಲ್ಲೂ ಒಂದೇ, 900ಪಿ, 30 ಫ್ರೇಮ್ ಎಂದು ಘೋಷಿಸಿತು; ವಾದ ವಿವಾದ ತಪ್ಪಿಸಲು ಹೀಗೆ ಮಾಡಿದ್ದೇವೆ ಎಂದು ಅದರ ನಿರ್ಮಾಪಕರೊಬ್ಬರು ಹೇಳಿದರು. ಆಟ ಬಂದಾಗ ಎರಡರಲ್ಲೂ 30 ನಿಲ್ಲಲಿಲ್ಲ. ಗ್ರಾಫಿಕ್ಸ್‌ನಲ್ಲಿ ಹಿಂದೆಬಿದ್ದದ್ದು ಎಂದು ಎಲ್ಲರೂ ಆಡಿಕೊಂಡ ಎಕ್ಸ್‌ಬಾಕ್ಸ್ ಒನ್‌ನಲ್ಲೇ ಸ್ವಲ್ಪ ಮೇಲಾಗಿ ಓಡಿತು. ಪ್ಯಾರಿಸ್ ಬೀದಿಯ ಜನಜಂಗುಳಿ ಚಲಿಸಬೇಕಾದದ್ದು ಮುಖ್ಯ ಪ್ರೊಸೆಸರಿನಿಂದ, ಎಕ್ಸ್‌ಬಾಕ್ಸ್‌ನದು 1.75 ಗಿಗಾಹರ್ಟ್ಜ್, ಪಿಎಸ್4ರದ್ದು 1.6. ಕಾಗದದ ಸಮಾನತೆಯೂ ಕಾಗದದ ಮೇಲುಗೈಯಷ್ಟೇ ಸುಳ್ಳು.

"ಕಂಪನಿಗಳು ಇಷ್ಟು ದೊಡ್ಡವು, ಮೋಸ ಮಾಡುತ್ತಾರೆಯೇ?" ಎನ್ನುವುದು ಎರಡನೆಯದು. 2020ರ ಡಿಸೆಂಬರ್ 10ಕ್ಕೆ ಸೈಬರ್‌ಪಂಕ್ 2077 ಬಿಡುಗಡೆಯಾಯಿತು. ಅದಕ್ಕೆ ಮೊದಲು ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ಹೊಗಳಿಕೆ ಹರಿಯಿತು. ಕನ್ಸೋಲ್ ಆವೃತ್ತಿ ಜನರ ಕೈಗೆ ಬಂದಾಗ ಹಳೆಯ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ಗಳಲ್ಲಿ ಚಿತ್ರ ಮಸುಕು, ಫ್ರೇಮು 20ರ ಆಸುಪಾಸು, ನಡುವೆ ಆಟವೇ ಬಂದ್. ಸೋನಿ ಡಿಸೆಂಬರ್ 18ಕ್ಕೆ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದಲೇ ತೆಗೆದುಹಾಕಿತು. ಮರಳಿ ಬಂದದ್ದು 2021ರ ಜೂನ್ 21ಕ್ಕೆ. ಆರು ತಿಂಗಳು! ಆಟ ಬಿಡುಗಡೆಯಾದಾಗ ಪಿಎಸ್5 ಭಾರತಕ್ಕೆ ಇನ್ನೂ ಬಂದೇ ಇರಲಿಲ್ಲ. ಇಲ್ಲಿ ಪ್ಲೇಸ್ಟೇಷನ್ ಇದ್ದವರ ಹತ್ತಿರ ಇದ್ದದ್ದು ಪಿಎಸ್4. ಅಂದರೆ ಹೋಲಿಕೆ ಯಾರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಿತ್ತೋ ಅವರಿಂದಲೇ ಅದನ್ನು ಮುಚ್ಚಿಟ್ಟಿದ್ದರು. ಕಡಿಮೆ ಬೆಲೆಯ, ಹಳೆಯ ಯಂತ್ರ ಇದ್ದವನಿಗೇ ಪ್ರಾಮಾಣಿಕ ಅಳತೆ ಮೊದಲು ಸಲ್ಲಬೇಕು. ದುಬಾರಿ ಯಂತ್ರದವನು ಹೇಗೋ ಬದುಕಿಕೊಳ್ಳುತ್ತಾನೆ.

ಮೂರನೆಯದು ನಮ್ಮ ಹಿರಿಯರದ್ದು. "ಮಾರಾಯ್ರೆ, ಮಕ್ಕಳಾಟಿಕೆಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ನಮ್ಮ ಇ-ಪತ್ರಿಕೆಯಲ್ಲಿ ಇದಕ್ಕೆ ಜಾಗ ಬೇಕಾ?" ಬೇಕು. ಐವತ್ತು ಸಾವಿರ ರೂಪಾಯಿ ಮಕ್ಕಳಾಟಿಕೆಯಲ್ಲ, ಬಹಳ ಮನೆಗಳಲ್ಲಿ ಅದು ಎರಡು ತಿಂಗಳ ಬಾಡಿಗೆ. ಮಿಕ್ಸರ್, ಫ್ರಿಜ್ಜು ಕೊಳ್ಳುವಾಗ ಮೂರು ಅಂಗಡಿ ಸುತ್ತುವ ಜನ ನಾವು. ಅದಕ್ಕಿಂತ ದೊಡ್ಡ ಮಾತೆಂದರೆ, ಒಂದು ಭಾಷೆಯಲ್ಲಿ ಯಂತ್ರಗಳ ಬಗ್ಗೆ ಬರೀ ಉದ್ಗಾರ ಇದ್ದು ಅಳತೆ ಇಲ್ಲದಿದ್ದರೆ, ಆ ಭಾಷೆಯ ಜನ ಗಿರಾಕಿಗಳಾಗಿ ಉಳಿಯುತ್ತಾರೆ, ಬಲ್ಲವರಾಗುವುದಿಲ್ಲ. ಅಡಿಕೆಯ ದರ್ಜೆ, ಮೀನಿನ ತಾಜಾತನ ನೋಡಿ ಹೇಳಲು ನಮ್ಮ ಭಾಷೆಯಲ್ಲಿ ಎಷ್ಟು ಸೂಕ್ಷ್ಮ ಮಾತುಗಳಿವೆ! ಆಟದ ಯಂತ್ರಕ್ಕೆ ಬಂದಾಗ ಮಾತ್ರ "ಸೂಪರ್, ಬೆಂಕಿ, ಮಸ್ತ್".

ಮಾಡಬೇಕಾದದ್ದು

ಕನ್ನಡದಲ್ಲಿ ಕನ್ಸೋಲ್ ವಿಮರ್ಶೆ ಮಾಡುವವರಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಪ್ರಯೋಗಾಲಯ ಬೇಡ. ಐದು ಮಾತು ಹೇಳಿ, ಆಮೇಲೆ ಗೆದ್ದವರ ಹೆಸರು ಹೇಳಿ.

ಒಂದು, ಯಾವ ಟಿವಿಯಲ್ಲಿ ನೋಡಿದಿರಿ, ಅದು 60 ಹರ್ಟ್ಜ್‌ನದೋ 120ರದ್ದೋ. ಎರಡು, ಆಟದ ಯಾವ ಆವೃತ್ತಿ, ಯಾವ ಪ್ಯಾಚ್, ಸೆಟ್ಟಿಂಗಿನಲ್ಲಿ ಚಂದವನ್ನು ಆರಿಸಿದಿರೋ ವೇಗವನ್ನೋ. ವಲ್ಹಾಲಾಗೂ ಆಮೇಲೆ ಪ್ಯಾಚ್ ಬಂತು, ಮೊದಲ ವಾರದ ತೀರ್ಪನ್ನು ಎರಡು ವರ್ಷ ಹೊತ್ತು ತಿರುಗಬೇಡಿ. ಮೂರು, ಸರಾಸರಿ ಬಿಟ್ಟು ಅತ್ಯಂತ ಕೆಟ್ಟ ಘಳಿಗೆ ತೋರಿಸಿ, ಎಲ್ಲಿ ಬಿತ್ತು, ಎಷ್ಟು ಹೊತ್ತು ಬಿತ್ತು. ನಾಲ್ಕು, ಅದೇ ಮನೆತನದ ಅಗ್ಗದ ಯಂತ್ರದಲ್ಲೂ ಅದೇ ದೃಶ್ಯ ಆಡಿಸಿ ತೋರಿಸಿ. ಐದು, ಮೂರು ವರ್ಷದ ಖರ್ಚು: ಯಂತ್ರ, ಹತ್ತು ಆಟ, ಚಂದಾ, ಮರುಮಾರಾಟದಲ್ಲಿ ಬರುವುದು, ರಿಪೇರಿಗೆ ಎಲ್ಲಿಗೆ ಹೋಗಬೇಕು ಎಂಬುದು.

ಫ್ರೇಮ್ ಎಣಿಸುವ ಯಂತ್ರ ಇಲ್ಲ ಎನ್ನಬೇಡಿ. ಈಗಿನ ಫೋನುಗಳಲ್ಲಿ ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಸ್ಲೋಮೋಷನ್ ಸಾಮಾನ್ಯ. 60 ಫ್ರೇಮಿನ ಆಟವನ್ನು ಅದರಲ್ಲಿ ಹಿಡಿದರೆ ಒಂದೊಂದು ಚಿತ್ರಕ್ಕೆ ನಾಲ್ಕು ಫ್ರೇಮ್ ಸಿಗುತ್ತದೆ. ಎಲ್ಲಿ ಎಂಟು ಬಂತೋ ಅಲ್ಲಿ ಒಂದು ತಪ್ಪಿದೆ. ಕಾಲೇಜು ಹುಡುಗರು ಭಾನುವಾರ ಮಧ್ಯಾಹ್ನ ಮಾಡಬಹುದಾದ ಕೆಲಸ.

ಕೊಳ್ಳುವವರಿಗೂ ಒಂದು ಮಾತು. ಅಂಗಡಿಯವನು "ಸಾಬ್, ಯೇ ವಾಲಾ ಜ್ಯಾದಾ ಪವರ್‌ಫುಲ್ ಹೈ" ಎಂದಾಗ ತಲೆಯಾಡಿಸಬೇಡಿ, "ಯಾವ ಆಟದಲ್ಲಿ?" ಎಂದು ತಿರುಗಿ ಕೇಳಿ. ಅವನು ಉತ್ತರ ಕೊಟ್ಟರೆ "ಯಾವ ಟಿವಿಯಲ್ಲಿ?" ಎಂದು ಕೇಳಿ. 2023ರ ಮೇ 12ಕ್ಕೆ ಬಂದ ಝೆಲ್ಡಾ ಸರಣಿಯ 'ಟಿಯರ್ಸ್ ಆಫ್ ದ ಕಿಂಗ್‌ಡಮ್' ಓಡಿದ್ದು ಈ ಎಲ್ಲ ಯಂತ್ರಗಳಿಗಿಂತ ಎಷ್ಟೋ ದುರ್ಬಲವಾದ ಸ್ವಿಚ್ ಮೇಲೆ, 30 ಫ್ರೇಮಿನ ಗುರಿಯಿಟ್ಟು. ಮೂರು ದಿನದಲ್ಲಿ ಒಂದು ಕೋಟಿ ಪ್ರತಿ ಹೋಯಿತು. ಆ ಒಂದು ಕೋಟಿ ಜನ ಕೊಂಡದ್ದು ಟೆರಾಫ್ಲಾಪನ್ನಲ್ಲ.

ಈ ಸಲ ಬೋನಸ್ ಬರುವ ಮೊದಲು ಯಾರಾದರೂ ಒಬ್ಬರು, 60 ಹರ್ಟ್ಜ್ ಟಿವಿಯ ಮುಂದೆ ಕೂತು, ಕನ್ನಡದಲ್ಲಿ, ಎಣಿಸಿ ಹೇಳಿದ ಹೋಲಿಕೆಯೊಂದನ್ನು ಬರೆದು ಕಳಿಸಿ. ಇದೇ ಪುಟದಲ್ಲಿ ಬರಲಿ. ನನ್ನ ಲೆಕ್ಕ ತಪ್ಪು ಎಂದು ಅದರಲ್ಲಿ ಸಾಬೀತಾದರೂ ಚಿಂತೆಯಿಲ್ಲ, ಅಳೆದು ಸಾಬೀತು ಮಾಡಿ.